ಒಂಟಿಯಾಗಿ ಉಳಿಯುವ ಔಷಧ

ಸೋಮವಾರ ಐದು ಮಾತ್ರೆ, ಮಂಗಳವಾರ ಮೂರು, ಬುಧವಾರ ಮತ್ತೆ ಐದು. ಮಾಮೂಲಿ ಔಷಧಗಳಿಗೆ ಬಗ್ಗದ ಕ್ಷಯರೋಗಕ್ಕೆ ಈಗ ಕೊಡುತ್ತಿರುವ ಹೊಸ ಚಿಕಿತ್ಸೆಯ ವಾರದ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ. ಪ್ರಿಟೊಮ್ಯಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ಮೂರು ಔಷಧಗಳು ದಿನಕ್ಕೊಂದೊಂದು ಮಾತ್ರೆಯಂತೆ ತಪ್ಪದೆ ಬೇಕು. ನಾಲ್ಕನೆಯದು ಬೆಡಾಕ್ವಿಲಿನ್. ಮೊದಲ ಎರಡು ವಾರ ದಿನಾ ನಾಲ್ಕು ಮಾತ್ರೆ ನುಂಗಿದ ಮೇಲೆ, ವಾರಕ್ಕೆ ಮೂರು ದಿನ ಎರಡೆರಡು ಮಾತ್ರೆ ಸಾಕು. 26 ವಾರ ಮುಗಿಯುವಷ್ಟರಲ್ಲಿ ರೋಗಿಯ ಹೊಟ್ಟೆ ಸೇರುವ ಮಾತ್ರೆಗಳು ಸುಮಾರು 750. ಸೂಜಿಯ ಮಾತೇ ಇಲ್ಲ. ಔಷಧಗಳ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ವೈದ್ಯರು ಇದನ್ನು ‘ಬಿಪಾಲ್‌ಎಂ’ ಎಂದು ಕರೆಯುತ್ತಾರೆ.

ಇದು ಎಷ್ಟು ದೊಡ್ಡ ಮುನ್ನಡೆ ಎಂಬುದು ಹಿಂದಿನ ಸ್ಥಿತಿ ನೋಡಿದರೆ ತಿಳಿಯುತ್ತದೆ. ಕ್ಷಯಕ್ಕೆ ಮುಖ್ಯವಾದ ಎರಡು ಔಷಧ ರಿಫಾಂಪಿಸಿನ್ ಮತ್ತು ಐಸೋನಿಯಾಜಿಡ್. ಎರಡಕ್ಕೂ ಜಗ್ಗದ ರೋಗವನ್ನು ‘ಬಹು ಔಷಧ ನಿರೋಧಕ ಕ್ಷಯ’ ಎನ್ನುತ್ತಾರೆ. ಹತ್ತು-ಹನ್ನೆರಡು ವರ್ಷಗಳ ಹಿಂದೆ ಇದಕ್ಕೆ 18ರಿಂದ 24 ತಿಂಗಳ ಚಿಕಿತ್ಸೆ ನಡೆಯುತ್ತಿತ್ತು. ಮೊದಲ ಹಲವು ತಿಂಗಳು ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಕನಾಮೈಸಿನ್ ಎಂಬ ಔಷಧದ ಆ ಸೂಜಿಯಿಂದ ಕಿವಿ ಕೇಳಿಸದಂತಾದವರು ಎಷ್ಟೋ ಮಂದಿ. ಇಷ್ಟು ಪಾಡು ಪಟ್ಟರೂ, ಜಗತ್ತಿನಲ್ಲಿ 2012ರಲ್ಲಿ ಚಿಕಿತ್ಸೆ ಶುರುಮಾಡಿದವರಲ್ಲಿ ಅದು ಫಲಿಸಿದ್ದು ಅರ್ಧದಷ್ಟು ಮಂದಿಗೆ. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಒಂದು ಪ್ರಯೋಗದ ಫಲಿತಾಂಶ ಬಂತು. ತೀರಾ ಗಟ್ಟಿಯಾದ ಕ್ಷಯವಿದ್ದ 109 ಮಂದಿಗೆ ಬೆಡಾಕ್ವಿಲಿನ್, ಪ್ರಿಟೊಮ್ಯಾನಿಡ್, ಲಿನೆಜೊಲಿಡ್ ಮೂರನ್ನೇ ಆರು ತಿಂಗಳು ಕೊಟ್ಟಾಗ 90 ಶೇಕಡಾ ಮಂದಿಗೆ ಒಳ್ಳೆಯ ಫಲ ಸಿಕ್ಕಿತ್ತು. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹಳೆಯ ಚಿಕಿತ್ಸೆ ಪಡೆದವರಲ್ಲಿ 48 ಶೇಕಡಾ ಮಂದಿಗೆ ಫಲಿತಾಂಶ ಪ್ರತಿಕೂಲವಾಗಿತ್ತು. ಬಿಪಾಲ್‌ಎಂ ಪಡೆದವರಲ್ಲಿ ಆ ಪ್ರಮಾಣ 11 ಶೇಕಡಾ. ಆ ವರ್ಷದ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. 2024ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಒಪ್ಪಿಗೆ ಕೊಟ್ಟಿತು.

ಹಾಗಿದ್ದ ಮೇಲೆ ಚಿಂತೆ ಯಾವುದಕ್ಕೆ? ಅದರ ಸುಳಿವು ಮೇಲಿನ ಮಾತ್ರೆ ಲೆಕ್ಕದಲ್ಲೇ ಇದೆ. ಮೂರು ಔಷಧಗಳನ್ನು ದಿನಾ ನುಂಗಬೇಕು, ಬೆಡಾಕ್ವಿಲಿನ್ ಒಂದಕ್ಕೆ ಮಾತ್ರ ನಡುನಡುವೆ ರಜೆ. ಅದು ದೇಹದೊಳಗೆ ಬಹಳ ಕಾಲ ಠಿಕಾಣಿ ಹೂಡುವುದೇ ಇದಕ್ಕೆ ಕಾರಣ. ಈ ಗುಣ ರೋಗಿಗೆ ವರ. ಅದೇ ಗುಣ ಔಷಧದ ಮುಂದಿನ ಆಯಸ್ಸಿಗೆ ಕುತ್ತು ತರಬಲ್ಲದು. ಹೇಗೆಂದು ತಿಳಿಯಲು ಮೊದಲು ಒಂದು ಹಳೆಯ ಕಥೆ, ಆಮೇಲೆ ಒಂದು ಸರಳ ಗಣಿತ.

ಕ್ಷಯಕ್ಕೆ ಸಿಕ್ಕ ಮೊದಲ ನಿಜವಾದ ಔಷಧ ಸ್ಟ್ರೆಪ್ಟೊಮೈಸಿನ್. ಅದರ ಮೇಲೆ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನಡೆಸಿದ ಪ್ರಯೋಗದ ವರದಿ 1948ರಲ್ಲಿ ಹೊರಬಂತು. ಔಷಧ ಪಡೆದ 55 ರೋಗಿಗಳಲ್ಲಿ ಆರು ತಿಂಗಳಲ್ಲಿ ತೀರಿಕೊಂಡವರು 4. ಬರೀ ವಿಶ್ರಾಂತಿಯ ಆರೈಕೆ ಪಡೆದ 52 ರೋಗಿಗಳಲ್ಲಿ 14. ಪವಾಡವೆಂದೇ ಎನಿಸುವ ಅಂತರ. ಆದರೆ ಐದು ವರ್ಷ ಕಳೆದು ಮತ್ತೆ ಎಣಿಸಿದಾಗ ಮೊದಲ ಗುಂಪಿನಲ್ಲಿ 32, ಎರಡನೆಯದರಲ್ಲಿ 35 ಮಂದಿ ತೀರಿಕೊಂಡಿದ್ದರು. ಅಂತರ ಹೆಚ್ಚುಕಡಿಮೆ ಕರಗಿಹೋಗಿತ್ತು. ಔಷಧ ಪಡೆದವರಲ್ಲಿ 41 ಮಂದಿಯ ಕಫವನ್ನು ಪರೀಕ್ಷಿಸಿದಾಗ 35 ಮಂದಿಯಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ರೋಗಾಣುಗಳು ಕಂಡಿದ್ದವು. ಇಲ್ಲಿ ಔಷಧ ಕೆಟ್ಟದ್ದಾಗಿರಲಿಲ್ಲ. ಅದನ್ನು ಒಂಟಿಯಾಗಿ ಕಳಿಸಿದ್ದೇ ತಪ್ಪಾಗಿತ್ತು.

ಗಣಿತ ಹೀಗಿದೆ. ಕ್ಷಯ ಬಲಿತ ಶ್ವಾಸಕೋಶದಲ್ಲಿ ಮರದ ಪೊಟರೆಯಂಥ ಕುಳಿಗಳು ಬೀಳುತ್ತವೆ. ಅಂಥ ಒಂದು ಕುಳಿಯಲ್ಲಿ ಹತ್ತು ಕೋಟಿಯಷ್ಟು ರೋಗಾಣುಗಳಿರಬಹುದು. ರೋಗಾಣು ಇಬ್ಭಾಗವಾಗುವಾಗಲೆಲ್ಲ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪು ನುಸುಳುತ್ತದೆ. ಆ ತಪ್ಪಿನಿಂದ ಅಕಸ್ಮಾತ್ತಾಗಿ ಐಸೋನಿಯಾಜಿಡ್ ತಡೆದುಕೊಳ್ಳುವ ಶಕ್ತಿ ಬರುವುದು ಸುಮಾರು ಹತ್ತು ಲಕ್ಷದಲ್ಲಿ ಒಂದಕ್ಕೆ, ರಿಫಾಂಪಿಸಿನ್ ತಡೆದುಕೊಳ್ಳುವ ಶಕ್ತಿ ಹತ್ತು ಕೋಟಿಯಲ್ಲಿ ಒಂದಕ್ಕೆ. ಅಂದರೆ ಯಾವ ಒಂದೇ ಔಷಧ ಕೊಟ್ಟರೂ ಅದಕ್ಕೆ ಜಗ್ಗದ ಕೆಲವು ರೋಗಾಣುಗಳು ಕುಳಿಯಲ್ಲಿ ಮೊದಲೇ ಕೂತಿರುವ ಸಂಭವವಿದೆ. ಉಳಿದವು ಸತ್ತು ಜಾಗ ಖಾಲಿಯಾದಾಗ ಅವೇ ಬೆಳೆಯುತ್ತವೆ. ಎರಡು ಔಷಧ ಒಟ್ಟಿಗೆ ಕೊಟ್ಟರೆ ಎರಡನ್ನೂ ತಡೆಯುವ ರೋಗಾಣು ಹುಟ್ಟುವ ಸಾಧ್ಯತೆಗಳನ್ನು ಗುಣಿಸಬೇಕು: ಹತ್ತು ಲಕ್ಷ ಗುಣಿಸು ಹತ್ತು ಕೋಟಿ. ಅಷ್ಟು ರೋಗಾಣುಗಳು ಯಾರ ಎದೆಯಲ್ಲೂ ಇರುವುದಿಲ್ಲ. ಎಪ್ಪತ್ತು ವರ್ಷಗಳ ಕ್ಷಯಚಿಕಿತ್ಸೆ ನಿಂತಿರುವುದು ಈ ಒಂದು ಗುಣಾಕಾರದ ಮೇಲೆ. ಔಷಧಗಳು ಜೊತೆಯಾಗಿದ್ದಷ್ಟು ಕಾಲ ಲೆಕ್ಕ ನಮ್ಮ ಕಡೆ; ಒಂದು ಒಂಟಿಯಾದ ಗಳಿಗೆಯಿಂದ ಲೆಕ್ಕ ರೋಗಾಣುವಿನ ಕಡೆ.

ಈಗ ಬೆಡಾಕ್ವಿಲಿನ್ ವಿಷಯಕ್ಕೆ ಬರೋಣ. ಪ್ರತಿ ಜೀವಕೋಶಕ್ಕೂ ಕೆಲಸ ಮಾಡಲು ಎಟಿಪಿ ಎಂಬ ಇಂಧನ ಬೇಕು. ಅದನ್ನು ತಯಾರಿಸುವ ಕಿಣ್ವ ರೋಗಾಣುವಿನ ಪೊರೆಯಲ್ಲಿ ಗಿರಣಿಯ ಚಕ್ರದಂತೆ ನಿಜವಾಗಿಯೂ ತಿರುಗುತ್ತಿರುತ್ತದೆ. ಬೆಡಾಕ್ವಿಲಿನ್ ಆ ಚಕ್ರದ ಹಲ್ಲುಗಳ ನಡುವೆ ಸಿಕ್ಕಿಕೊಂಡು ತಿರುಗಣೆ ನಿಲ್ಲಿಸುತ್ತದೆ. ಇಂಧನವಿಲ್ಲದೆ ರೋಗಾಣು ಸಾಯುತ್ತದೆ. 2012ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಇದಕ್ಕೆ ಮಂಜೂರಾತಿ ಸಿಕ್ಕಾಗ, ನಲವತ್ತು ವರ್ಷಗಳಲ್ಲಿ ಕ್ಷಯಕ್ಕೆಂದು ಹೊಸ ದಾರಿಯಲ್ಲಿ ಬಂದ ಮೊದಲ ಔಷಧ ಎಂಬ ಹೆಗ್ಗಳಿಕೆ ಅದರದ್ದಾಗಿತ್ತು. ಭಾರತದಲ್ಲಿ 2016ರಲ್ಲಿ ಆರು ಆಸ್ಪತ್ರೆಗಳಲ್ಲಿ ಎಚ್ಚರದಿಂದ ಬಳಕೆ ಶುರುವಾಯಿತು.

ಮಾತ್ರೆ ನಿಲ್ಲಿಸಿದ ಮೇಲೆ ರಕ್ತದಲ್ಲಿ ಔಷಧದ ಮಟ್ಟ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವನ್ನು ಅರ್ಧಾಯುಷ್ಯ ಎನ್ನುತ್ತಾರೆ. ಲಿನೆಜೊಲಿಡ್‌ನದ್ದು ಸುಮಾರು 5 ಗಂಟೆ. ಮಾಕ್ಸಿಫ್ಲಾಕ್ಸಾಸಿನ್‌ನದ್ದು ಸುಮಾರು 12 ಗಂಟೆ, ಪ್ರಿಟೊಮ್ಯಾನಿಡ್‌ನದ್ದು 16 ಗಂಟೆಯ ಆಸುಪಾಸು. ಬೆಡಾಕ್ವಿಲಿನ್‌ನ ಮಟ್ಟ ಮೊದಲು ಸ್ವಲ್ಪ ಬೇಗ ಇಳಿಯುತ್ತದೆ. ಆದರೆ ಅಂಗಾಂಶಗಳಲ್ಲಿ ಅಡಗಿದ್ದು ನಿಧಾನಕ್ಕೆ ಹೊರಬರುವ ಕೊನೆಯ ಹಂತದಲ್ಲಿ ಅದರ ಅರ್ಧಾಯುಷ್ಯ ಸರಾಸರಿ ಐದೂವರೆ ತಿಂಗಳು. ಮೂರನೆಯ ತಿಂಗಳಲ್ಲಿ ಒಬ್ಬ ರೋಗಿ ಎಲ್ಲ ಮಾತ್ರೆ ಬಿಟ್ಟರು ಎಂದುಕೊಳ್ಳಿ. ಒಂದೆರಡು ದಿನದಲ್ಲಿ ಲಿನೆಜೊಲಿಡ್ ಇಲ್ಲ. ಮೂರು ದಿನದಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಇಲ್ಲ. ನಾಲ್ಕನೆಯ ದಿನ ಮುಗಿಯುವ ಹೊತ್ತಿಗೆ ಪ್ರಿಟೊಮ್ಯಾನಿಡ್ ಕೂಡ ಲೆಕ್ಕಕ್ಕಿಲ್ಲದಷ್ಟು. ಬೆಡಾಕ್ವಿಲಿನ್ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ, ಅದೂ ದಿನೇ ದಿನೇ ಕ್ಷೀಣಿಸುತ್ತಾ. ರೋಗಾಣುವನ್ನು ಕೊಲ್ಲಲು ಸಾಲದು, ಪ್ರತಿರೋಧ ಕಲಿಸಲು ಸಾಕು, ಅಂಥ ಮಟ್ಟ. ರೋಗಿ ಚಿಕಿತ್ಸೆ ಬಿಟ್ಟೆ ಎಂದುಕೊಂಡಿದ್ದಾರೆ. ಅವರ ದೇಹದೊಳಗೆ 1948ರ ಆ ಒಂಟಿ ಔಷಧದ ಚಿಕಿತ್ಸೆ ನಡೆಯುತ್ತಿರುತ್ತದೆ.

ಪ್ರತಿರೋಧ ಬರುವ ಬಗೆಯೂ ತೊಡಕಿನದೇ. ಔಷಧ ಕೂರುವ ಚಕ್ರದ ಆಕಾರವೇ ಬದಲಾಗುವುದುಂಟು, ಆದರೆ ಅದು ಅಪರೂಪ. ಹೆಚ್ಚು ಕಾಣುವುದು ಬೇರೆ ಉಪಾಯ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹೊರಗೆಸೆಯುವಂತೆ, ಒಳಬಂದ ಔಷಧವನ್ನು ಹೊರಗೆ ದೂಡುವ ಪಂಪುಗಳು ಕ್ಷಯದ ರೋಗಾಣುವಿನಲ್ಲಿವೆ. ಅವು ಅತಿಯಾಗಿ ಓಡದಂತೆ ಹಿಡಿತದಲ್ಲಿಡುವ ಒಂದು ಜೀನ್ ಇದೆ; ವಿಜ್ಞಾನಿಗಳು ಅದಕ್ಕೆ ಕೊಟ್ಟ ಗುರುತು ಆರ್‌ವಿ 0678. ಈ ಜೀನ್ ಕೆಟ್ಟರೆ ಪಂಪುಗಳಿಗೆ ಲಂಗುಲಗಾಮು ಇಲ್ಲ. ಕುಷ್ಠಕ್ಕೆ ಬಳಸುತ್ತಾ ಬಂದ, ಗಟ್ಟಿ ಕ್ಷಯಕ್ಕೂ ಕೊಡುವ ಕ್ಲೋಫಾಜಿಮಿನ್ ಎಂಬ ಔಷಧವನ್ನೂ ಇದೇ ಪಂಪು ಹೊರದೂಡುತ್ತದೆ. ಹೀಗಾಗಿ ಕ್ಲೋಫಾಜಿಮಿನ್ ನುಂಗಿದ್ದವರಲ್ಲಿ, ಬೆಡಾಕ್ವಿಲಿನ್ ಮುಟ್ಟುವ ಮೊದಲೇ, ಅದಕ್ಕೆ ಪ್ರತಿರೋಧ ತಯಾರಾಗಿರಬಹುದು.

ಈ ಜೀನ್ ಕೆಟ್ಟಿದೆಯೇ ಎಂದು ಪತ್ತೆ ಮಾಡುವುದು ಸುಲಭವಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಈಗ ಚಿರಪರಿಚಿತವಾಗಿರುವ ಜೀನ್‌ಎಕ್ಸ್‌ಪರ್ಟ್ ಯಂತ್ರವನ್ನು ಹೋಲಿಸಿ ನೋಡಿ. ಕಫದ ಮಾದರಿ ತುಂಬಿದ ಪುಟ್ಟ ಡಬ್ಬಿಯನ್ನು ಯಂತ್ರದೊಳಗಿಟ್ಟರೆ ಎರಡು ಗಂಟೆಯೊಳಗೆ ರಿಫಾಂಪಿಸಿನ್ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯುತ್ತದೆ. ರಿಫಾಂಪಿಸಿನ್ ಪ್ರತಿರೋಧದಲ್ಲಿ ಸುಮಾರು 95 ಶೇಕಡಾ ಹುಟ್ಟುವುದು ಡಿಎನ್‌ಎಯ 81 ಅಕ್ಷರಗಳ ಒಂದು ತುಣುಕಿನಲ್ಲಿ. ಯಂತ್ರ ಅಷ್ಟನ್ನು ಓದಿದರೆ ಮುಗಿಯಿತು. ಆರ್‌ವಿ 0678ರಲ್ಲಾದರೆ 498 ಅಕ್ಷರಗಳ ಉದ್ದಕ್ಕೂ ಎಲ್ಲಿ ಬೇಕಾದರೂ ತಪ್ಪಾಗಬಹುದು. ಯಾವ ತಪ್ಪು ಅಪಾಯದ್ದು, ಯಾವುದು ಅಲ್ಲ ಎಂಬುದೂ ಪೂರ್ತಿ ಇತ್ಯರ್ಥವಾಗಿಲ್ಲ. ಆದ್ದರಿಂದ ಇಂದಿಗೂ ನೆಚ್ಚಬೇಕಾದ ವಿಧಾನವೆಂದರೆ ರೋಗಾಣುವನ್ನು ಔಷಧ ಬೆರೆಸಿದ ದ್ರವದಲ್ಲಿ ಬೆಳೆಸಿ ನೋಡುವುದು. ಕರುಳಿನ ಇ-ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಬ್ಭಾಗವಾದರೆ, ಕ್ಷಯದ ರೋಗಾಣುವಿಗೆ ಸುಮಾರು 20 ಗಂಟೆ ಬೇಕು. ಉತ್ತರ ಬರಲು ವಾರಗಳು ಹಿಡಿಯುತ್ತವೆ. ಇಡೀ ಜೀನನ್ನೇ ನೇರವಾಗಿ ಓದುವ ಹೊಸ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಶಿಫಾರಸು ಮಾಡಿದೆ. ಆದರೆ ಅದಕ್ಕೆ ಬೇಕಾದ ಉಪಕರಣ ಮತ್ತು ತರಬೇತಾದ ಕೈಗಳು ಇರುವುದು ದೊಡ್ಡ ಪ್ರಯೋಗಾಲಯಗಳಲ್ಲಿ. ಮಾತ್ರೆ ತಾಲ್ಲೂಕು ಮುಟ್ಟುವ ವೇಗದಲ್ಲಿ ಪರೀಕ್ಷೆ ಮುಟ್ಟುತ್ತಿಲ್ಲ.

ಇದೆಲ್ಲ ಬರೀ ತರ್ಕವೋ, ನಡೆಯುತ್ತಲೂ ಇದೆಯೋ? ಅಳತೆಗಳು ಬಂದಿವೆ. ದಕ್ಷಿಣ ಆಫ್ರಿಕಾದಲ್ಲಿ ರೋಗಿಗಳನ್ನು ಹಿಂಬಾಲಿಸಿ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆಗೆ ಮುಂಚೆಯೇ ಬೆಡಾಕ್ವಿಲಿನ್‌ಗೆ ಬಗ್ಗದ ರೋಗಾಣು ಇದ್ದದ್ದು 3.8 ಶೇಕಡಾ ಮಂದಿಯಲ್ಲಿ. ಚಿಕಿತ್ಸೆ ನಡೆಯುವಾಗ ಹೊಸದಾಗಿ ಪ್ರತಿರೋಧ ಹುಟ್ಟಿದ್ದು 2.3 ಶೇಕಡಾ ಮಂದಿಯಲ್ಲಿ. ಸಣ್ಣ ಸಂಖ್ಯೆಗಳೇ. ಮೊಲ್ಡೋವಾದಲ್ಲಿ ಬೆಡಾಕ್ವಿಲಿನ್ ಪಡೆಯುತ್ತಿದ್ದ 26 ಮಂದಿಯ ಚಿಕ್ಕ ಗುಂಪನ್ನು ಪರೀಕ್ಷಿಸಿದಾಗ 4 ಮಂದಿಯಲ್ಲಿ ಪ್ರತಿರೋಧ ಬೆಳೆದಿತ್ತು. ಮೊಜಾಂಬಿಕ್‌ನ ಅಂಕಿ ಇನ್ನೂ ಸ್ಪಷ್ಟ. ಅಲ್ಲಿ ರಿಫಾಂಪಿಸಿನ್‌ಗೆ ಬಗ್ಗದ ತಳಿಗಳಲ್ಲಿ ಬೆಡಾಕ್ವಿಲಿನ್‌ಗೂ ಬಗ್ಗದವು 2016ರಲ್ಲಿ 3 ಶೇಕಡಾ ಇದ್ದದ್ದು 2021ರಲ್ಲಿ 14 ಶೇಕಡಾ ಆಗಿತ್ತು. ಐದು ವರ್ಷಗಳಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು. ಇಲ್ಲಿ ಆತಂಕದ ಸಂಗತಿ ಸಂಖ್ಯೆಗಿಂತ ಅದರ ಓಟ. ಒಬ್ಬರ ಎದೆಯಲ್ಲಿ ಪ್ರತಿರೋಧ ಕಲಿತ ರೋಗಾಣು ಅಲ್ಲೇ ನಿಲ್ಲುವುದಿಲ್ಲ, ಕೆಮ್ಮಿನ ಜೊತೆ ಗಾಳಿಗೆ ಸೇರುತ್ತದೆ. ಅದನ್ನು ಉಸಿರಾಡಿದ ಮುಂದಿನವರು ಒಂದೂ ಮಾತ್ರೆ ನುಂಗದೆಯೇ ನಿರೋಧಕ ಕ್ಷಯದ ರೋಗಿಯಾಗುತ್ತಾರೆ.

ಜಗತ್ತಿನ ಬಹು ಔಷಧ ನಿರೋಧಕ ಕ್ಷಯದ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಇರುವುದು ಭಾರತದಲ್ಲಿ. ನಮ್ಮ ದೇಶದ ಮೊದಲ ರಾಷ್ಟ್ರೀಯ ಔಷಧ ಪ್ರತಿರೋಧ ಸಮೀಕ್ಷೆ 2014-16ರಲ್ಲಿ ನಡೆಯಿತು. ಅದರ ಕಫದ ಮಾದರಿಗಳ ಪರೀಕ್ಷೆಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯದ್ದು ಮುಖ್ಯ ಪಾತ್ರ. ಹೊಸ ರೋಗಿಗಳಲ್ಲಿ 2.84 ಶೇಕಡಾ, ಹಿಂದೆ ಚಿಕಿತ್ಸೆ ಪಡೆದಿದ್ದವರಲ್ಲಿ 11.62 ಶೇಕಡಾ ಮಂದಿಗೆ ಬಹು ಔಷಧ ನಿರೋಧಕ ಕ್ಷಯವಿತ್ತು. ನಮ್ಮ ಚರ್ಚೆಗೆ ಬೇಕಾದ ಅಂಕಿ ಇನ್ನೊಂದಿದೆ. ಈ ನಿರೋಧಕ ರೋಗಿಗಳಲ್ಲಿ 21.82 ಶೇಕಡಾ ಮಂದಿಗೆ ಮಾಕ್ಸಿಫ್ಲಾಕ್ಸಾಸಿನ್ ಸೇರುವ ಫ್ಲೋರೊಕ್ವಿನೊಲೋನ್ ಗುಂಪಿನ ಔಷಧಗಳಿಗೂ ಪ್ರತಿರೋಧವಿತ್ತು. ಮೂತ್ರದ ಉರಿಗೂ ಭೇದಿಗೂ ಸಲೀಸಾಗಿ ಬರೆಯುತ್ತಾ ಬಂದ ಗುಂಪು ಇದು. ಅಂದರೆ ಬಿಪಾಲ್‌ಎಂ ಬರುವುದಕ್ಕೂ ಮೊದಲೇ, ಐವರಲ್ಲಿ ಒಬ್ಬರಿಗೆ ನಾಲ್ಕು ಕಾಲಿನ ಮಂಚದ ಒಂದು ಕಾಲು ಮುರಿದಿತ್ತು.

ಎರಡನೆಯ ಕಾಲು ಲಿನೆಜೊಲಿಡ್. ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನರಗಳನ್ನೂ ರಕ್ತ ತಯಾರಿಸುವ ಮಜ್ಜೆಯನ್ನೂ ಬಾಧಿಸುತ್ತದೆ. ದಿನಕ್ಕೆ 1200 ಮಿಲಿಗ್ರಾಂ ಕೊಟ್ಟ ದಕ್ಷಿಣ ಆಫ್ರಿಕಾದ ಆ ಮೊದಲ ಪ್ರಯೋಗದಲ್ಲಿ 81 ಶೇಕಡಾ ಮಂದಿಗೆ ಕೈಕಾಲು ಜೋಮು, ಉರಿ ಕಾಣಿಸಿತ್ತು. ಆಮೇಲಿನ ಪ್ರಯೋಗದಲ್ಲಿ ಪ್ರಮಾಣವನ್ನು 600 ಮಿಲಿಗ್ರಾಂಗೆ ಇಳಿಸಿದಾಗ ಈ ತೊಂದರೆ 24 ಶೇಕಡಾಕ್ಕೆ ಇಳಿಯಿತು, ಚಿಕಿತ್ಸೆಯ ಯಶಸ್ಸು 91 ಶೇಕಡಾ ಉಳಿಯಿತು. ದೊಡ್ಡ ಸುಧಾರಣೆ ನಿಜ. ಆದರೂ ನಾಲ್ವರಲ್ಲಿ ಒಬ್ಬರಿಗೆ ಅಂಗಾಲು ಉರಿಯುತ್ತದೆ. ಮೂರನೆಯ ತಿಂಗಳಿಗೆ ಕೆಮ್ಮು ನಿಂತಿರುತ್ತದೆ, ತೂಕ ಏರಿರುತ್ತದೆ, ಕೂಲಿಗೆ ಹೋಗುವ ಶಕ್ತಿ ಬಂದಿರುತ್ತದೆ. ರಾತ್ರಿ ನಿದ್ದೆ ಕೆಡಿಸುತ್ತಿರುವುದು ರೋಗವಲ್ಲ, ಮಾತ್ರೆ. ಅಂಥವರು ಡಬ್ಬಿ ಮುಚ್ಚಿಟ್ಟರೆ ಅದು ಅವಿವೇಕವಲ್ಲ, ಮನುಷ್ಯಸಹಜ.

ರೋಗಿ ಬಿಡದಿದ್ದರೂ ಮಾತ್ರೆ ಬಿಡಬಹುದು. 2024ರ ಮಾರ್ಚಿನಲ್ಲಿ ಕೇಂದ್ರ ಕ್ಷಯರೋಗ ವಿಭಾಗವೇ ರಾಜ್ಯಗಳಿಗೆ ಪತ್ರ ಬರೆದು, ಮಾಮೂಲಿ ಕ್ಷಯದ ಔಷಧಗಳ ಪೂರೈಕೆ ತಡವಾಗಬಹುದು, ಮೂರು ತಿಂಗಳಿಗಾಗುವಷ್ಟನ್ನು ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದಿತ್ತು. ಚೀಟಿ ಬರೆಯುವ ಕೈಯೂ ತಪ್ಪಬಹುದು. ಮುಂಬೈನ ಧಾರಾವಿಯಲ್ಲಿ 106 ಖಾಸಗಿ ವೈದ್ಯರನ್ನು ಮಾಮೂಲಿ ಕ್ಷಯಕ್ಕೆ ಔಷಧ ಬರೆಯಿರಿ ಎಂದು ಕೇಳಿದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಸರಿಯಾಗಿ ಬರೆದವರು 6 ಮಂದಿ. ಒಟ್ಟು ಬಂದದ್ದು 63 ಬಗೆಯ ಚೀಟಿ. ಇವು ಹಳೆಯ ಔಷಧಗಳ ಕಥೆ. ಹೊಸದು ಇದೇ ರಸ್ತೆಯಲ್ಲಿ ಸಾಗಬೇಕು ಎನ್ನುವುದೇ ಕಾಳಜಿ. ಕಾಲು ಉರಿ, ಖಾಲಿ ದಾಸ್ತಾನು, ತಪ್ಪು ಚೀಟಿ, ತಡವಾದ ಪರೀಕ್ಷೆ: ದಾರಿ ನಾಲ್ಕಾದರೂ ಸೇರುವುದು ಒಂದೇ ಊರಿಗೆ. ದೇಹದಲ್ಲಿ ಬೆಡಾಕ್ವಿಲಿನ್ ಒಂಟಿಯಾಗುತ್ತದೆ.

ಅದೂ ಕೈಬಿಟ್ಟರೆ ಮುಂದೇನು? ಅದೇ ಚಕ್ರವನ್ನು ಇನ್ನೂ ಬಿಗಿಯಾಗಿ ಹಿಡಿಯುವ ಬೆಡಾಕ್ವಿಲಿನ್‌ನ ತಮ್ಮಂದಿರು ಪ್ರಯೋಗದ ಹಂತದಲ್ಲಿದ್ದಾರೆ. ಪಂಪಿನ ಪ್ರತಿರೋಧವನ್ನು ಒಂದಷ್ಟು ಮೆಟ್ಟಬಲ್ಲರು. ಆದರೆ ಗುರಿ ಅದೇ, ಕುಟುಂಬವೂ ಅದೇ. ಬೇರೆ ದಾರಿಯ ಔಷಧಗಳು ಹಳ್ಳಿಯ ಆರೋಗ್ಯ ಕೇಂದ್ರ ಮುಟ್ಟಲು ವರ್ಷಗಳು ಬೇಕು. ಔಷಧವೇ ಇಲ್ಲದ ಕ್ಷಯ ಹೇಗಿರುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಲೆಕ್ಕವಿದೆ. 1960ರ ದಶಕದಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ, ಚಿಕಿತ್ಸೆ ಇನ್ನೂ ತಲುಪದ ಕಾಲದಲ್ಲಿ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಐದು ವರ್ಷ ಅಧ್ಯಯನ ನಡೆಸಿತು. ಕಫದಲ್ಲಿ ರೋಗಾಣು ಕಂಡಿದ್ದ 126 ಮಂದಿಯಲ್ಲಿ ಐದು ವರ್ಷದ ಕೊನೆಗೆ 49 ಶೇಕಡಾ ತೀರಿಕೊಂಡಿದ್ದರು. 18 ಶೇಕಡಾ ಇನ್ನೂ ರೋಗ ಹರಡುತ್ತಿದ್ದರು. ಮೂರನೆಯ ಒಂದು ಭಾಗ ತಾನಾಗಿ ಚೇತರಿಸಿಕೊಂಡಿತ್ತು. ಪ್ರತಿರೋಧ ನಮ್ಮನ್ನು ಹಿಂದಕ್ಕೆ ಒಯ್ಯಬಹುದಾದ ಜಾಗ ಅದು.

ಮಾಡಬೇಕಾದ್ದು ಗೊತ್ತಿಲ್ಲದ ಸಂಗತಿಯೇನಲ್ಲ. ಬೆಡಾಕ್ವಿಲಿನ್ ಶುರುಮಾಡುವ ದಿನವೇ ಕಫದ ಮಾದರಿಯೊಂದು ಪ್ರತಿರೋಧ ಪರೀಕ್ಷೆಗೆ ಹೋಗಬೇಕು. ತಿಂಗಳು ಕಳೆದರೂ ಕಫದಲ್ಲಿ ರೋಗಾಣು ಬೆಳೆಯುತ್ತಿದ್ದರೆ ಮತ್ತೆ ಹೋಗಬೇಕು. ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಔಷಧ ಸೇರಿಸಬಾರದು ಎಂಬ ಹಳೆಯ ನಿಯಮವನ್ನು ವೈದ್ಯರು ಮರೆಯಬಾರದು. ಕಾಲು ಉರಿ ಎಂದ ರೋಗಿಗೆ ‘ಸಹಿಸಿಕೊಳ್ಳಿ’ ಎನ್ನುವ ಬದಲು ಲಿನೆಜೊಲಿಡ್ ಪ್ರಮಾಣವನ್ನು ವೈದ್ಯರೇ ಸರಿಹೊಂದಿಸಬೇಕು. ರೋಗಿ ತಾವಾಗಿ ಯಾವ ಮಾತ್ರೆಯನ್ನೂ ಬಿಡಬಾರದು. ಹೊಸ ರೋಗಿಗಳು ಹುಟ್ಟದಂತೆ ತಡೆಯುವುದೂ ಔಷಧವನ್ನು ಕಾಯುವ ಕೆಲಸವೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಷಯರೋಗಿಗಳ ಮನೆಯವರಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು 39 ಶೇಕಡಾ ತಗ್ಗಿತು. ಬೇಳೆಗೆ ಪ್ರತಿರೋಧ ಬೆಳೆಸಿಕೊಂಡ ರೋಗಾಣು ಈವರೆಗೆ ಸಿಕ್ಕಿಲ್ಲ.

ಕೊನೆಗೆ ಎರಡು ಅಳತೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ರೋಗಿ ಚಿಕಿತ್ಸೆಯಿಂದ ತಪ್ಪಿಹೋದರು ಎಂದು ದಾಖಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಸತತ ಎರಡು ತಿಂಗಳು ಮಾತ್ರೆ ನಿಂತಿರಬೇಕು. ಔಷಧಗಳ ಅರ್ಧಾಯುಷ್ಯ ಕೊಡುವ ಗಡುವು ನಾಲ್ಕು ದಿನ. ಹಳೆಯ ಚಿಕಿತ್ಸೆಗೆ ಹೊಂದುತ್ತಿದ್ದ ದಾಖಲೆ ಪುಸ್ತಕದಲ್ಲೇ ಹೊಸ ಔಷಧದ ಲೆಕ್ಕ ಬರೆಯುತ್ತಿದ್ದೇವೆ. ಆಶಾ ಕಾರ್ಯಕರ್ತೆ ಬಾಗಿಲು ತಟ್ಟಬೇಕಾದ್ದು ಮಾತ್ರೆ ತಪ್ಪಿದ ಅದೇ ವಾರ. ಹೆಸರು ‘ತಪ್ಪಿಹೋದವರ’ ಪಟ್ಟಿಗೆ ಸೇರುವ ಹೊತ್ತಿಗೆ ಬೆಡಾಕ್ವಿಲಿನ್ ಆ ಎದೆಯೊಳಗೆ ಐವತ್ತಾರು ದಿನ ಒಂಟಿಯಾಗಿ ಕಳೆದಿರುತ್ತದೆ.